ಮೀಸೆ ಇದ್ದದ್ದು ಗಂಡು

"ಅಂಕಲ್, ನೀವು ಗಂಡು ಅಂದಿದ್ರಲ್ಲ, ಆ ಮೀನಿನ ಹೊಟ್ಟೇಲಿ ಮೊಟ್ಟೆ ಇದೆ."

ಫೋನಿನಲ್ಲಿ ಆ ಹುಡುಗಿ ಹೀಗೆಂದಾಗ ನಾನು ಹೊಸಮನೆ ಬಡಾವಣೆಯಲ್ಲಿ ಮಗಳ ಮನೆಯ ವರಾಂಡದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಹುಡುಗಿ ಎಂದೆ, ಈಗ ಅವಳು ಹೊಳೆಹೊನ್ನೂರಿನ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮಕ್ಕಳ ಮುಂದೆ ಮೀನು ಕೊಯ್ದು ತೋರಿಸುತ್ತಿದ್ದಳಂತೆ. ಗೋಡೆಯ ಮೇಲಿನ ಚಾರ್ಟು ನೋಡಿ, ಇದು ಗಂಡು ಎಂದು ಹೇಳಿ ಕೊಯ್ದರೆ ಒಳಗೆ ಹಳದಿ ಮೊಟ್ಟೆಯ ರಾಶಿ. ಮಕ್ಕಳು ಬೆಂಚು ಬಡಿದು ನಕ್ಕರಂತೆ.

"ಒಂದಲ್ಲ ಅಂಕಲ್, ಮೂರು ಕೊಯ್ದೆ. ಮೂರರಲ್ಲೂ ಇತ್ತು. ನಾನು ಆ ಚಾರ್ಟನ್ನೇ ಪುಸ್ತಕ ಮಾಡ್ತಿದ್ದೀನಿ, ಸೋಮವಾರ ಪ್ರೆಸ್ಸಿಗೆ ಕೊಡ್ಬೇಕು. ಮಿಕ್ಕಿದ್ದೆಲ್ಲ ಸರಿ ಇದೆ ಅಲ್ವಾ? ನಿಮ್ಮನ್ನ ಬಿಟ್ರೆ ನಂಗೆ ಬೇರೆ ಆಧಾರ ಇಲ್ಲ."

"ನೋಡಿ ಹೇಳ್ತೀನಮ್ಮ" ಎಂದು ಫೋನಿಟ್ಟೆ. ಆಮೇಲೆ ಸುಲಿದ ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಾ ಕೂತಿದ್ದೆ. ಮಗಳು ಬಂದು ನೋಡಿ ಪಾತ್ರೆ ಕಿತ್ತುಕೊಂಡು ಹೋದಳು.

ಇದುವರೆಗೆ ಯಾರಿಗೂ ಹೇಳದ್ದನ್ನು ಹೇಳಬೇಕಾಗಿದೆ. ಆ ಚಾರ್ಟಿನಲ್ಲಿ ಹದಿನಾಲ್ಕು ಮೀನುಗಳಿವೆ. ಅವುಗಳಲ್ಲಿ ಕೆಲವು ಹೆಸರುಗಳನ್ನು ನಾನು ನಿಂತ ನಿಲುವಿನಲ್ಲಿ ಹುಟ್ಟಿಸಿ ಹೇಳಿದ್ದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಭದ್ರಾವತಿಯಲ್ಲಿ ಕಾರ್ಖಾನೆಗೆ ಸೇರಿದವನು. ರಜೆಯ ದಿನ ಹೊಳೆಯ ದಂಡೆಯಲ್ಲಿ ಗಾಳ ಹಾಕಿಕೊಂಡು ಕೂರುವುದು ಬಿಟ್ಟರೆ ಬೇರೆ ಚಟವಿರಲಿಲ್ಲ. ಸಿಕ್ಕಿದ ಮೀನನ್ನು ಎತ್ತಿ ಹಿಡಿದು ಇದು ಇಂಥದ್ದು, ಇದರ ಹುರುಪೆ ಹೀಗೆ, ರೆಕ್ಕೆ ಹೀಗೆ ಎಂದು ಜೊತೆಯವರಿಗೆ ವಿವರಿಸುತ್ತಿದ್ದೆ. ಹೀಗಾಗಿ ಪಾಠ ಮಾಡದಿದ್ದರೂ ಜನ ನನ್ನನ್ನು ಮೀನು ಮೇಷ್ಟ್ರು ಎಂದು ಕರೆಯತೊಡಗಿದರು. ನಿಜ ಹೇಳುವುದಾದರೆ ನನಗೆ ದೊಡ್ಡ ಮೀನುಗಳಷ್ಟೇ ಗೊತ್ತು. ಮೀನುಗಳಿಗೆ ಬಾಯಿಯ ಹತ್ತಿರ ಎಳೆಯಂತೆ ಇಳಿಬಿದ್ದಿರುತ್ತದಲ್ಲ, ಅದನ್ನು ನಾವು ಮೀಸೆ ಎನ್ನುತ್ತೇವೆ. ಗಿರ್ಲಿಗೆ ಮೀಸೆ ಜಾಸ್ತಿ, ರೆಕ್ಕೆಯ ಮುಳ್ಳು ಚುಚ್ಚುತ್ತದೆ. ಬಾಳೆಮೀನಿಗೆ ಹುರುಪೆಯೇ ಇಲ್ಲ, ಬಾಯಿ ಕಣ್ಣಿನಿಂದಾಚೆಗೂ ಸೀಳಿರುತ್ತದೆ. ಕಾಟ್ಲಾದ ತಲೆ ದಪ್ಪ, ಬಾಯಿ ಮೇಲಕ್ಕೆ ತಿರುಗಿರುತ್ತದೆ. ಇಷ್ಟೇ ನನ್ನ ವಿದ್ಯೆ.

ಹತ್ತು ಹನ್ನೆರಡು ವರ್ಷದ ಹಿಂದೆ ಈ ಹುಡುಗಿ ನವುಲೆಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಳು. ಹೊಳೆಯ ಸಣ್ಣ ಮೀನುಗಳಿಗೆ ಊರಿನವರು ಏನೆನ್ನುತ್ತಾರೆ ಎಂದು ಬರೆದುಕೊಳ್ಳಲು ಭದ್ರಾವತಿಯ ಮೀನು ಮಾರ್ಕೆಟ್ಟಿಗೆ ಬಂದಳು. ಯಾರೋ ನನ್ನನ್ನು ತೋರಿಸಿದರು. ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಬೆರಳುದ್ದದ ಮೀನುಗಳನ್ನು ಹಾಕಿ, ಒಂದೊಂದನ್ನೇ ಎತ್ತಿ ಕೇಳಿದಳು. ಗೊತ್ತಿದ್ದಷ್ಟು ಹೇಳಿದೆ. ಆಮೇಲೆ ಬಾಲದ ಬುಡದಲ್ಲಿ ಕಪ್ಪು ಚುಕ್ಕೆಯಿದ್ದ ಒಂದು ಮೀನು ಬಂತು. ಗೊತ್ತಿಲ್ಲ ಎನ್ನಬೇಕಿತ್ತು. ಆ ಚುಕ್ಕೆ ನೋಡಿದರೆ ಕೂಸಿನ ಕೆನ್ನೆಗೆ ಇಟ್ಟ ಕಾಡಿಗೆಯ ಬೊಟ್ಟಿನಂತೆ ಕಂಡಿತು.

"ದಿಷ್ಟಿಬೊಟ್ಟು" ಎಂದೆ.

"ಅಯ್ಯೋ, ಎಷ್ಟು ಚೆನ್ನಾಗಿದೆ ಅಂಕಲ್!" ಎಂದು ಬರೆದುಕೊಂಡಳು. ಇನ್ನೊಂದು ಎತ್ತಿದಳು. ಅದಕ್ಕೂ ಅಂಥದ್ದೇ ಚುಕ್ಕೆ, ಆದರೆ ಬಾಯಿಯ ಮೂಲೆಯಲ್ಲಿ ಕೂದಲೆಳೆಯಂಥ ಎರಡು ಮೀಸೆ. ಮೊದಲಿನದಕ್ಕೆ ಮೀಸೆ ಇರಲಿಲ್ಲ. "ಅದು ಹೆಣ್ಣು, ಇದು ಗಂಡು. ಮೀಸೆ ಕಾಣಲ್ವಾ?" ಎಂದೆ. ಅದೂ ಹಾಗೆಯೇ ಅವಳು ಮಾಡಿದ ಚಾರ್ಟಿನಲ್ಲಿ ಅಚ್ಚಾಯಿತು, ಒಂದು ಪ್ರತಿ ನನಗೂ ಕಳಿಸಿದಳು.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಅಲ್ಲೇ ನಾಲ್ಕು ಮಾರು ದೂರದಲ್ಲಿ ಮೀನು ಕೊಯ್ಯುತ್ತಾ ಒಬ್ಬ ಹೆಂಗಸು ಕೂತಿದ್ದಳು. ಹುಟ್ಟಿದಾಗಿನಿಂದ ಹೊಳೆಯ ಮೀನಿನಲ್ಲೇ ಬದುಕಿದವಳು, ನನಗಿಂತ ಐದಾರು ವರ್ಷ ದೊಡ್ಡವಳು. ಹುಡುಗಿ "ಆ ಅಮ್ಮನ್ನೂ ಕೇಳ್ಲಾ?" ಎಂದಳು. ನಾನು ತಡೆದೆ. "ಅವಳಿಗೆ ಕೊಯ್ಯೋದೊಂದು ಗೊತ್ತು. ಹೆಸರು ಗಿಸರು ಏನ್ ಗೊತ್ತಿರುತ್ತೆ?"

ಯಾಕೆ ಹಾಗೆಂದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಹಿಂದಿನ ವಾರ ನಾಲ್ಕು ಜನರೆದುರು ನಾನು ಒಂದು ಮೀನನ್ನು ರೋಹು ಎಂದಾಗ ಅವಳು, "ತುಟಿ ನೋಡಿ ಮೇಷ್ಟ್ರೇ, ಅಂಚಲ್ಲಿ ಜಾಲರಿ ಇದ್ಯಾ? ಇದು ಮೃಗಾಲು" ಎಂದು ಎಲ್ಲರನ್ನೂ ನಗಿಸಿದ್ದಳು. ನನ್ನ ಮಾತು ಅವಳಿಗೆ ಕೇಳಿಸಿತು. ಕೈಯಲ್ಲಿದ್ದ ಮೀನನ್ನು ಅರ್ಧ ಕೊಯ್ದು ನಿಲ್ಲಿಸಿದಳು, ಮತ್ತೆ ಕೊಯ್ದಳು. ನಾನು ಮತ್ತೆ ಆ ಮಾರ್ಕೆಟ್ಟಿಗೆ ಹೋಗಲಿಲ್ಲ.

ಫೋನು ಬಂದ ಮರುದಿನ ಚಾರ್ಟನ್ನು ಹಾಸಿಗೆಯ ಮೇಲೆ ಹರಡಿಕೊಂಡು, ಸುಳ್ಳು ಹೆಸರಿಗೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಲು ಕೂತೆ. ಮೊದಲು ಐದಾಯಿತು. ಕಾಫಿ ಕುಡಿದು ಬಂದು ನೋಡಿದರೆ ನಾಲ್ಕೇ ಇರಬೇಕು ಎನ್ನಿಸಿತು, ಒಂದನ್ನು ಅಳಿಸಿದೆ. ಮಧ್ಯಾಹ್ನಕ್ಕೆ ಏಳಾಯಿತು. 'ಮರಳುಕೊರೆಕ' ನಾನು ಹುಟ್ಟಿಸಿದ್ದೋ, ನಮ್ಮಪ್ಪ ಹೇಳುತ್ತಿದ್ದುದೋ? ಅಪ್ಪನ ದನಿಯಲ್ಲಿ ಕೇಳಿದರೆ ಅಪ್ಪನದೇ ಅನ್ನಿಸುತ್ತಿತ್ತು, ನನ್ನ ದನಿಯಲ್ಲಿ ಅಂದುಕೊಂಡರೆ ನನ್ನದೇ. ಇಷ್ಟು ವರ್ಷ ಆ ಚಾರ್ಟು ನೋಡಿ ನೋಡಿ ನನ್ನ ಸುಳ್ಳನ್ನು ನಾನೇ ಬಾಯಿಪಾಠ ಮಾಡಿಬಿಟ್ಟಿದ್ದೆ. ಸೋಮವಾರಕ್ಕೆ ಮೂರು ದಿನ ಉಳಿದಿತ್ತು. ಇದನ್ನು ಬಿಡಿಸಿ ಹೇಳಬಲ್ಲವರು ಒಬ್ಬರೇ ಇದ್ದರು.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಮೀನು ಕೊಯ್ಯುವ ಆ ಹೆಂಗಸು ಅದೇ ಜಾಗದಲ್ಲಿ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೊಯ್ಯುವ ಕೈ ಮಾತ್ರ ಹಾಗೆಯೇ ಇತ್ತು.

"ಅಕ್ಕ" ಎಂದೆ. ಹಿಂದೆಂದೂ ಹಾಗೆ ಕರೆದವನಲ್ಲ.

ತಲೆಯೆತ್ತಿ ನೋಡಿದಳು. "ಓ, ಮೇಷ್ಟ್ರು! ಸತ್ರು ಅಂದ್ಕೊಂಡಿದ್ದೆ."

"ಇಲ್ಲ ಅಕ್ಕ."

"ಹೂಂ, ಕಾಣ್ತಿದ್ಯಲ್ಲ. ಏನ್ ಬೇಕು? ಕೊಯ್ಯೋದೊಂದು ಗೊತ್ತು ನಂಗೆ. ಕೊಯ್ದು ಕೊಡ್ಲಾ?"

ಹತ್ತು ವರ್ಷ ಅವಳು ಅದನ್ನು ನಾಲಿಗೆಯ ಮೇಲೇ ಇಟ್ಟುಕೊಂಡಿದ್ದಳು. ನಾನು ಅಲ್ಲೇ ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಸುಳ್ಳು ಹೆಸರು, ಗಂಡು ಹೆಣ್ಣು, ಮೊಟ್ಟೆ, ಸೋಮವಾರ. ತಪ್ಪಾಯಿತು ಎಂದೂ ಹೇಳಿದೆ. ಅವಳು ಕೊಯ್ಯುತ್ತಲೇ ಇದ್ದಳು. ಮೀಸೆಯ ವಿಷಯಕ್ಕೆ ಬಂದಾಗ ಮಾತ್ರ ಕೊಯ್ಯುವುದನ್ನು ನಿಲ್ಲಿಸಿದಳು.

"ಮೀಸೆ ಇದ್ರೆ ಗಂಡಾ? ನಮ್ಮನೆ ಬೆಕ್ಕಿಗೂ ಮೀಸೆ ಐತೆ ಮಾರಾಯ. ಹೋದ ವಾರ ನಾಲ್ಕು ಮರಿ ಹಾಕ್ತು."

ಪಕ್ಕದಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಅವಳು ಬುಟ್ಟಿಯಿಂದ ಅಂಥವೆರಡು ಮೀನು ತೆಗೆದು ನನ್ನ ಅಂಗೈ ಮೇಲಿಟ್ಟಳು. "ಕಣ್ಣು ಮುಚ್ಚು. ಬಾಲದಿಂದ ತಲೆ ಕಡೆ ಸವರು." ಸವರಿದೆ. ಒಂದರ ಹುರುಪೆ ದೊಡ್ಡದು, ಬೆರಳಿಗೆ ತಡೆಯುತ್ತಿತ್ತು. ಇನ್ನೊಂದರದು ಸಣ್ಣದು, ನುಣುಪು. "ಇವೆರಡು ಗಂಡ ಹೆಂಡ್ತಿ ಅಲ್ಲ. ಜಾತೀನೇ ಬೇರೆ. ಚುಕ್ಕೆ ಒಂದೇ ಥರ ಇದ್ರೆ ಏನಾಯ್ತು?"

"ಹಾಗಾದ್ರೆ ಇವುಗಳ ಹೆಸರೇನು ಅಕ್ಕ?"

"ಮೀಸೆ ಇರೋದಕ್ಕೆ ನಮ್ಮಲ್ಲಿ ಹೆಸರಿಲ್ಲ. ಪುಡಿಮೀನು ಅಂತ ಎಲ್ಲಾ ಸೇರ್ಸಿ ಮಾರೋದು. ಇದು," ಎಂದು ಮೀಸೆಯಿಲ್ಲದ್ದನ್ನು ತೋರಿಸಿ, "ದಿಷ್ಟಿಬೊಟ್ಟು."

ನನಗೆ ತಲೆ ಕೆಟ್ಟುಹೋಯಿತು. "ಅದು ನಾನು ಹುಟ್ಟಿಸಿದ ಹೆಸರು ಅಕ್ಕ. ಚಾರ್ಟು ನೋಡಿ ಯಾರೋ ಅಂದಿರ್ಬೇಕು, ನೀನು ಅದನ್ನ ಕೇಳಿರ್ಬೇಕು."

"ಹೋಗೋ. ನೀನು ಭದ್ರಾವತಿಗೆ ಬರೋಕೆ ಮುಂಚೆ ನಮ್ಮವ್ವ ಹಂಗೇ ಅಂತಿದ್ಲು."

"ನಿಜವಾಗ್ಲೂ?"

"ನಾನ್ಯಾಕೆ ಸುಳ್ಳು ಹೇಳ್ಲಿ? ನಾನೇನು ಮೇಷ್ಟ್ರಾ?"

ಅವಳ ಮುಖವನ್ನು ಎಷ್ಟು ನೋಡಿದರೂ ನನಗೆ ತಿಳಿಯಲಿಲ್ಲ. ನಿಜವಾಗಿ ಅವಳವ್ವನ ಮಾತೋ, ನನ್ನನ್ನು ಆಡಿಸುತ್ತಿದ್ದಳೋ, ಅಥವಾ ನನ್ನಂತೆ ಅವಳಿಗೂ ಕೇಳಿ ಕೇಳಿ ತನ್ನದೇ ಆಗಿಬಿಟ್ಟಿತ್ತೋ. ಅಥವಾ ಎಂದೋ ಅವಳವ್ವ ಅಂದದ್ದು ನನ್ನ ಕಿವಿಗೆ ಬಿದ್ದು, ಮರೆತು, ಆ ದಿನ ನನ್ನ ಬಾಯಲ್ಲಿ ಬಂದಿತೋ. ನಾನು ಹೇಳಿದ ಹೆಸರುಗಳಲ್ಲಿ ಒಂದಾದರೂ ಸುಳ್ಳು ಎಂದು ಖಾತ್ರಿಯಿಂದ ಒಪ್ಪಿಕೊಳ್ಳಲು ಬಂದಿದ್ದೆ. ಅದೂ ಕೈಗೆ ಸಿಗಲಿಲ್ಲ.

ಮಾರ್ಕೆಟ್ಟಿನ ಹೊರಗೆ ಬಂದು ಹುಡುಗಿಗೆ ಫೋನು ಮಾಡಿದೆ. ನಡುವೆ ನಿಲ್ಲಿಸದೆ ಹೇಳಿದೆ.

"ಅವತ್ತು ಆ ಅಮ್ಮನ್ನ ಕೇಳ್ತೀನಿ ಅಂದಿದ್ದೆ" ಎಂದಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಾಳೆ ಬಾ ತಾಯಿ. ನಾನೂ ಇರ್ತೀನಿ."

ಭಾನುವಾರ ಅವಳು ಚಾರ್ಟು, ನೋಟ್‌ಬುಕ್ಕು ಹಿಡಿದು ಬಂದಳು. ನನ್ನ ಕಡೆ ಸರಿಯಾಗಿ ನೋಡಲಿಲ್ಲ. ಮುದುಕಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಳು. ಒಂದೊಂದೇ ಮೀನು ಕೈಗೆ ಬಂತು, ಮೀಸೆ ಎಣಿಸಿದರು, ತುಟಿ ನೋಡಿದರು, ಹುರುಪೆ ಸವರಿದರು. ನಾನು ಚೀಲ ಹಿಡಿದುಕೊಂಡು ಹಿಂದೆ ನಿಂತಿದ್ದೆ. ಮರಳುಕೊರೆಕವನ್ನು ಮುದುಕಿ ಕೇಳಿಯೇ ಇರಲಿಲ್ಲ. ಅದರ ಮೇಲೆ ಗೀಟು ಬಿತ್ತು. ಅಪ್ಪನ ದನಿ ನನ್ನ ಕಿವಿಯಲ್ಲಿ ಇನ್ನೂ ಇತ್ತು, ಆದರೂ ನಾನು ಬಾಯಿ ಬಿಡಲಿಲ್ಲ.

ಹನ್ನೆರಡನೆಯದು ಚಾರ್ಟಿನಲ್ಲೇ ಇಲ್ಲದ ಮೀನು, ಅದರ ಹೆಸರು ಮುದುಕಿಗೂ ತಿಳಿಯಲಿಲ್ಲ. ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕಡೆಗೆ ಚಾಚಿದಳು.

"ಮೇಷ್ಟ್ರೇ, ಇದೇನು?"

ತೆಗೆದುಕೊಂಡೆ. ಮೈಮೇಲೆ ಅಡ್ಡಕ್ಕೆ ಮೂರು ಪಟ್ಟೆ, ಚೂಪು ಮೂತಿ. ಒಂದು ಹೆಸರು ನಾಲಿಗೆಯ ತುದಿಗೆ ಬಂದಿತು, ಒಳ್ಳೆಯ ಹೆಸರೇ.

"ಗೊತ್ತಿಲ್ಲ" ಎಂದೆ.

ಹುಡುಗಿ ಆಗ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

"ಏನ್ ಬರ್ದೆ?" ಮುದುಕಿ ಕೇಳಿದಳು.

"ಗೊತ್ತಿಲ್ಲ ಅಂತ, ಅಮ್ಮ."

"ನೋಡ್ತಿರು," ಎಂದಳು ಮುದುಕಿ, ಮುಂದಿನ ಮೀನಿಗೆ ಕೈ ಹಾಕುತ್ತಾ. "ಹತ್ತು ವರ್ಷ ಬಿಟ್ರೆ ಜನ ಬಂದು, ಗೊತ್ತಿಲ್ಲ ಮೀನು ಅರ್ಧ ಕೇಜಿ ಕೊಡಿ ಅಂತಾರೆ."