ಪೊರಕೆರಾಯನ ಒಂದು ಸಾಲು

ನನ್ನ ಗಂಡನಿಗೆ ಆಫೀಸಿನಲ್ಲಿ ಪೊರಕೆರಾಯ ಎಂದು ಹೆಸರಿಟ್ಟವಳು ನಾನೇ. ಅವನು ಮಾತ್ರ ಅದನ್ನು ಬಿರುದು ಎಂದುಕೊಂಡಿದ್ದಾನೆ. ರಕ್ತಪರೀಕ್ಷೆಯ ಯಂತ್ರಗಳಿಗೆ ನಾವಿಬ್ಬರೂ ಡ್ರೈವರ್ ಬರೆಯುವವರು. ಯಂತ್ರದೊಳಗಿನ ಎಲೆಕ್ಟ್ರಾನಿಕ್ ಕಾರ್ಡಿನ ಜೊತೆ ಆಪರೇಟಿಂಗ್ ಸಿಸ್ಟಂ ಮಾತಾಡಲು ಬೇಕಾದ ಪ್ರೋಗ್ರಾಮು ಅದು. ಕಾರ್ಡಿಗೆಂದು ಪಡೆದ ಮೆಮೊರಿ, ಕಾರ್ಡು ಸಿಸ್ಟಂ ಅನ್ನು ಕೂಗಿ ಕರೆಯುವ ಇಂಟರಪ್ಟ್, ಎಲ್ಲವನ್ನೂ ಕಾರ್ಡು ತೆಗೆಯುವಾಗ ಹಿಂದಿರುಗಿಸಬೇಕು. ಈಗೀಗ ಒಪ್ಪಿಸಿಬಿಟ್ಟರೆ ಆ ಚಾಕರಿಯನ್ನು ಸಿಸ್ಟಮ್ಮೇ ಮಾಡುತ್ತದೆ. ಕೊನೆಗೆ ಪಡೆದದ್ದನ್ನು ಮೊದಲು ಬಿಡುತ್ತಾ ಬರುತ್ತದೆ. ಆದರೆ ಇನ್ನೊಬ್ಬರು ಗುಡಿಸಿದರೆ ಈ ಆಸಾಮಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಮನೆಯಲ್ಲೂ ಅಷ್ಟೇ, ಉಣ್ಣುವವರು ಏಳುವ ಮೊದಲೇ ತಟ್ಟೆ ಮಾಯ. ನಮ್ಮಮ್ಮ ಒಮ್ಮೆ ಖಾಲಿ ಟೇಬಲ್ಲಿಗೆ ಕೈಹಾಕಿ ಪಿಳಿಪಿಳಿ ಕಣ್ಣುಬಿಟ್ಟಿದ್ದಳು.

ಗಂಡನನ್ನು ಬಿಟ್ಟು ಮಗಳ ಜೊತೆ ಬಂದ ನನ್ನ ತಂಗಿ ನಮ್ಮ ಮನೆಯಲ್ಲೇ ಇದ್ದಳು. ನಮ್ಮದೇ ಆಫೀಸಿನ ಪರೀಕ್ಷಾ ಕೋಣೆಯಲ್ಲಿ ಕೆಲಸ, ಇನ್ನೂ ಖಾಯಂ ಆಗಿರಲಿಲ್ಲ. ಯಂತ್ರ ಓಡುತ್ತಿರುವಾಗಲೇ ಚಿಲಕ ಎತ್ತಿ ಕಾರ್ಡು ಕೀಳುವುದು ಅವಳ ಪರೀಕ್ಷೆ. ಒಂದು ದಿನ ಹಾಗೆ ಕಿತ್ತಾಗ ಇಡೀ ಯಂತ್ರ ಕಲ್ಲಾಯಿತು. ಆಮೇಲೂ ಆಗಾಗ ಆಯಿತು.

"ಆಕೆಗೆ ಕೀಳೋಕೇ ಬರಲ್ಲ ಸರ್. ಹಲ್ಲು ಕಿತ್ತ ಹಾಗೆ ಕೀಳ್ತಾಳೆ," ಎಂದ ನನ್ನ ಗಂಡ ಮ್ಯಾನೇಜರಿಗೆ. ಅವಳನ್ನು ಕೈಬಿಡುವ ಮಾತು ಶುರುವಾಯಿತು.

ನಾನು ಅವನ ಕೋಡ್ ತೆರೆದು ನೋಡಿದೆ. ಇಂಟರಪ್ಟನ್ನು ಸಿಸ್ಟಮ್ಮಿಗೆ ಒಪ್ಪಿಸಿದ್ದ, ಮೆಮೊರಿಯನ್ನು ಮಾತ್ರ ಚಟ ತಡೆಯಲಾರದೆ ಒಂದು ಸಾಲು ಬರೆದು ಕೈಯಾರೆ ಬಿಟ್ಟಿದ್ದ. ಚಿಲಕ ಎತ್ತಿದೊಡನೆ, ಕಾರ್ಡು ಹೊರಟಿದೆ ಎಂದು ಸಿಸ್ಟಮ್ಮಿಗೆ ತಿಳಿದು, ಮೊದಲು ಅವನ ಸಾಲು ಓಡುತ್ತದೆ, ಸಿಸ್ಟಮ್ಮಿನ ಸರದಿ ಆಮೇಲೆ. ಅಷ್ಟರೊಳಗೆ ಇನ್ನೂ ಜೀವವಿರುವ ಕಾರ್ಡು ಒಮ್ಮೆ ಕೂಗಿದರೆ, ಅದಕ್ಕೆ ಓಗೊಡುವ ಡ್ರೈವರ್, ಆಗಲೇ ಬಿಟ್ಟುಕೊಟ್ಟ ಮೆಮೊರಿಗೆ ಕೈಹಾಕುತ್ತದೆ. ಅಲ್ಲಿಗೆ ಕಥೆ ಮುಗಿಯಿತು.

ಅಡುಗೆಮನೆಯಲ್ಲಿ ಅವನನ್ನು ಕೇಳಿದೆ.

"ಗೊತ್ತು ಬಿಡು," ಎಂದ ಪಾತ್ರೆ ಒರೆಸುತ್ತಾ. "ಮುಂದಿನ ವರ್ಷನ್‌ನಲ್ಲಿ ಸದ್ದಿಲ್ದೆ ಸರಿಮಾಡ್ತೀನಿ."

"ಅವಳ ಕೆಲಸ?"

"ಬೇರೆ ಕಡೆ ಸಿಗುತ್ತೆ. ನನ್ನ ಹೆಸರು ಯಾಕೆ ಕೆಡಬೇಕು?"

ಗೊತ್ತಿದ್ದೂ ಸುಮ್ಮನಿದ್ದ! ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಅವನ ಉಸಿರಾಟವನ್ನೂ ಸಹಿಸಲಾರದಷ್ಟು ಹೇಸಿಗೆಯಾಯಿತು.

ಮರುದಿನ ಮ್ಯಾನೇಜರನ್ನೂ ಗಂಡನನ್ನೂ ತಂಗಿಯಿದ್ದ ಪರೀಕ್ಷಾ ಕೋಣೆಗೆ ಕರೆದೆ. ಗಂಡನ ಆ ಸಾಲಿನ ಕೆಳಗೆ ಒಂದಿಷ್ಟು ವಿಳಂಬ ಸೇರಿಸಿದ್ದೆ, ಕಾರ್ಡಿಗೆ ಕೂಗಲು ಪುರಸೊತ್ತು ಸಿಗಲೆಂದು.

"ನೀವೇ ಕೀಳ್ರಿ, ಮೆಲ್ಲಗೆ," ಎಂದೆ ಗಂಡನಿಗೆ.

ಮಲಗಿದ ಮಗುವನ್ನು ಎತ್ತುವಂತೆ ಚಿಲಕ ಎತ್ತಿದ. ಯಂತ್ರ ಕಲ್ಲಾಯಿತು. ಆಮೇಲೆ ಅವನ ಸಾಲು ಅಳಿಸಿ, ಇಂಟರಪ್ಟಿಗಿಂತ ಮೊದಲು ಪಡೆದ ಮೆಮೊರಿಯನ್ನೂ ಸಿಸ್ಟಮ್ಮಿನ ವಶಕ್ಕೆ ಕೊಟ್ಟೆ. ಇನ್ನು ಕಾರ್ಡಿನ ಕೂಗು ಮೊದಲು ನಿಲ್ಲುತ್ತದೆ, ಮೆಮೊರಿ ಹೋಗುವುದು ಆಮೇಲೆ. ವಿಳಂಬ ಹಾಗೇ ಇತ್ತು. ತಂಗಿ ಸಿಟ್ಟು ತೀರುವಷ್ಟು ಸಲ ಕಿತ್ತಳು. ಯಂತ್ರ ಒಮ್ಮೆಯೂ ನಿಲ್ಲದೆ ಓಡುತ್ತಲೇ ಇತ್ತು.

"ಇವರು ಇಲ್ಲೇ ಇರ್ಲಿ," ಎಂದ ಮ್ಯಾನೇಜರ್ ತಂಗಿಯತ್ತ ನೋಡಿ.

ಆಗಲಾದರೂ ನನ್ನ ಗಂಡ ತಪ್ಪಾಯಿತು ಎನ್ನಬಹುದಿತ್ತು. "ಇನ್ಮೇಲಾದ್ರೂ ನೋಡ್ಕೊಂಡು ಕೀಳಮ್ಮ," ಎಂದ.

"ಈ ಸಂಬಳದಲ್ಲಿ ಒಂದು ರೂಮು ಸಿಗುತ್ತೆ ಭಾವ," ಎಂದಳು ತಂಗಿ. "ಇವತ್ತೇ ನಿಮ್ಮ ಮನೆ ಬಿಡ್ತೀನಿ."

ಸಂಜೆ ಅವಳು ಬಟ್ಟೆ ಜೋಡಿಸುವಾಗ, ನನ್ನ ಬಟ್ಟೆಗಳನ್ನೂ ತಂದು ಅವಳ ಸೂಟ್‌ಕೇಸಿಗೇ ತುರುಕಿದೆ.