ಚಿಕ್ಕಣ್ಣನವರ ತಂತಿಗೆ ಚುಚ್ಚಿದ ಪ್ರಶ್ನೆಗಳು

ಪಿಎಚ್.ಡಿ. ಪ್ರಬಂಧಗಳನ್ನು ಚಿಕ್ಕಣ್ಣನವರು ಓದುತ್ತಿರಲಿಲ್ಲ, ತೂಗುತ್ತಿದ್ದರು. ಹಾಳೆಗಳ ಕಟ್ಟನ್ನು ಎಡ ಅಂಗೈಯ ಮೇಲಿಟ್ಟುಕೊಂಡು, ಕಣ್ಣನ್ನು ಅರ್ಧ ಮುಚ್ಚಿ, ಹಾಲಿನವನ ಮೇಲೆ ಅನುಮಾನಪಡುವ ಗೃಹಿಣಿಯಂತೆ ಮೇಲೆ ಕೆಳಗೆ ಆಡಿಸಿ, “ನೀರು ಜಾಸ್ತಿ ಆಗೈತೆ” ಎಂದು ತೀರ್ಪು ಕೊಡುತ್ತಿದ್ದರು. ಐದಾರು ವರ್ಷ ನಿದ್ದೆಗೆಟ್ಟು ಅದನ್ನು ಬರೆದವರು ಎದುರಿನಲ್ಲೇ ನಿಂತಿದ್ದಾರೆ ಎಂಬ ಸಂಕೋಚ ಅವರಿಗೆ ಎಳ್ಳಷ್ಟೂ ಇರಲಿಲ್ಲ.

ಮಂಡಿ ಮೊಹಲ್ಲಾದ ಗಲ್ಲಿಯೊಂದರಲ್ಲಿ, ಗೋಣಿಚೀಲದ ಸಗಟು ಮಳಿಗೆಯ ಪಕ್ಕದಲ್ಲಿ ಅವರ ಬೈಂಡಿಂಗ್ ಅಂಗಡಿ ಇತ್ತು. ಅವರು ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಆದರೂ ಈ ಊರಿನಲ್ಲಿ ಸೂಜಿ ಚುಚ್ಚಲು ಬಾರದ ಎಷ್ಟೋ ಮಂದಿ ಡಾಕ್ಟರುಗಳ ಪ್ರಬಂಧಕ್ಕೆ ಸೂಜಿ ಚುಚ್ಚಿದವರು ಅವರೇ. ರಟ್ಟು, ದಾರ, ಮೈದಾ ಅಂಟಿನ ಹುಳಿ ವಾಸನೆ, ಗೋಡೆಯ ಮೊಳೆಯಿಂದ ಇಳಿಬಿಟ್ಟ ಒಂದು ಉದ್ದನೆಯ ತಂತಿ. ಅಂಚು ಕತ್ತರಿಸಿದಾಗ ಉಳಿಯುವ ಕಾಗದದ ಪಟ್ಟಿಗಳನ್ನು ಆ ತಂತಿಗೆ ಚುಚ್ಚಿರುತ್ತಿದ್ದರು. ಪ್ರತಿ ಪಟ್ಟಿಯ ಮೇಲೂ ಅವರ ದುಂಡು ಅಕ್ಷರದಲ್ಲಿ ಒಂದೊಂದು ಪ್ರಶ್ನೆ.

ಏಕೆಂದರೆ ಅವರದೊಂದು ನಿಯಮವಿತ್ತು. ಸಂಶೋಧಕರು ಬಂದು, “ನಾನು ಕೇಳಿದ್ದು ಇದು” ಎಂದು ಮನೆಮಾತಿನಲ್ಲಿ ಒಂದೇ ವಾಕ್ಯದಲ್ಲಿ ಹೇಳುವವರೆಗೆ ಅವರು ರಟ್ಟಿನ ಮೇಲೆ ಚಿನ್ನದ ಅಕ್ಷರ ಒತ್ತುತ್ತಿರಲಿಲ್ಲ. ಅವರ ತಂತಿಯಷ್ಟು ವಿಶಾಲವಾದ ವಿಶ್ವವಿದ್ಯಾನಿಲಯವನ್ನು ನಾನು ಇನ್ನೂ ಕಂಡಿಲ್ಲ. ‘ಗಂಡುಕಪ್ಪೆ ಯಾಕೆ ಕೂಗ್ತದೆ?’ ‘ಎಷ್ಟು ಚಳಿ ಆದ್ರೆ ಲೋಹ ಕರೆಂಟಿಗೆ ಅಡ್ಡ ಬರಲ್ಲ?’ ‘ಹಳೇ ಶಾಸನದಾಗೆ ಹೆಂಗಸ್ರ ಹೆಸ್ರು ಎಲ್ಲೆಲ್ಲಿ ಐತೆ?’ ‘ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಯಾಕೆ ಉಬ್ಬಲ್ಲ?’ ‘ನಾನು ಅನ್ನೋದು ಎಲ್ಲೈತೆ?’

ಪ್ರಾಣಿಶಾಸ್ತ್ರದವರು ಗಂಡುಕಪ್ಪೆ ಹೆಣ್ಣನ್ನು ಕರೆಯಲು ಕೂಗುತ್ತದೆ ಎಂದು ವಿವರಿಸಿದಾಗ, “ಅಷ್ಟು ದೊಡ್ಡ ಬಾಯಿ ಮಾಡ್ಕೊಂಡು ಕರುದ್ರೆ ಯಾವಳು ಬತ್ತಾಳೆ ಸ್ವಾಮಿ?” ಎಂದಿದ್ದರಂತೆ. ತತ್ತ್ವಶಾಸ್ತ್ರದವರನ್ನು ಕುರಿತು ನನ್ನೊಡನೆಯೇ ಹೇಳಿದ್ದು: “ಸಿಗ್ಲಿಲ್ಲ ಅನ್ನಕ್ಕೇ ನಾನೂರು ಪುಟ ತಕಂಡವ್ರೆ ಕಣಮ್ಮ. ಸಿಕ್ಬುಟ್ಟಿದ್ರೆ ನನ್ ಸೂಜಿ ಮುರ್ದೋಗದು.”

ನಾನು ನನ್ನ ಸಮಾಜಶಾಸ್ತ್ರದ ಪ್ರಬಂಧವನ್ನು ಹಿಡಿದು ಅಲ್ಲಿಗೆ ಹೋದದ್ದು ಸಲ್ಲಿಕೆಯ ಕೊನೆಯ ದಿನದ ಬೆಳಿಗ್ಗೆ. ಸಂಜೆ ಐದಕ್ಕೆ ಕಚೇರಿಯ ಬಾಗಿಲು ಮುಚ್ಚುತ್ತಿತ್ತು; ಅಷ್ಟರೊಳಗೆ ಐದು ಪ್ರತಿಗಳನ್ನು ಒಪ್ಪಿಸದಿದ್ದರೆ ನನ್ನ ನೋಂದಣಿಯೇ ರದ್ದಾಗುತ್ತಿತ್ತು. ನಮ್ಮ ಮನೆತನದಲ್ಲಿ ಪದವಿಯ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆದುದರಿಂದ ಒಂದು ಪದವೂ ತಪ್ಪಬಾರದು, ಒಂದು ಪದವೂ ಹಳ್ಳಿಯದೆಂದು ತೋರಬಾರದು ಎಂಬ ಎಚ್ಚರದಲ್ಲಿ ಇಡೀ ಪ್ರಬಂಧವನ್ನು ಕಟ್ಟಿದ್ದೆ. ಶೀರ್ಷಿಕೆಯನ್ನು ನಾನೇ ಹೆಮ್ಮೆಯಿಂದ ಓದಿ ಹೇಳಿದೆ: “ಗ್ರಾಮೀಣ ನಾಗರಿಕರು ಹಾಗೂ ಆಡಳಿತ ವ್ಯವಸ್ಥೆಯ ನಡುವಣ ಸಂಬಂಧಗಳ ಸ್ವರೂಪ ಮತ್ತು ಸವಾಲುಗಳು: ಒಂದು ಸಮಾಜಶಾಸ್ತ್ರೀಯ ವಿಶ್ಲೇಷಣಾತ್ಮಕ ಅಧ್ಯಯನ.”

ಚಿಕ್ಕಣ್ಣನವರು ಕಟ್ಟನ್ನು ತೂಗಿದರು. “ಕೆರೆನೇ ತುಂಬ್ಕಂಡು ಬಂದಿದೀಯ. ಏನ್ ಕೇಳ್ದೆ, ಅದನ್ ಹೇಳು.”

“ಅಧಿಕಾರ ಸಂಬಂಧಗಳ ಸಂರಚನೆಯನ್ನು...”

“ಅದು ನಿಮ್ ಮೇಷ್ಟ್ರು ಹೇಳ್ಕೊಟ್ಟಿದ್ದು. ನೀನು ಕೇಳಿದ್ದೇನು?”

“ಸ್ವಾಮಿ, ಐದು ಗಂಟೆಗೆ ಆಫೀಸು ಮುಚ್ಚುತ್ತದೆ.”

“ಮುಚ್ಲಿ. ಪ್ರಶ್ನೆ ಇಲ್ದಿರೋ ಪುಸ್ತಕಕ್ಕೆ ಚಿನ್ನ ಒತ್ತುದ್ರೆ ಹೆಣಕ್ಕೆ ಬಾಸಿಂಗ ಕಟ್ದಂಗೆ.”

ಮಧ್ಯಾಹ್ನ ಎರಡಾಯಿತು. ಐದು ಪ್ರತಿಗಳಿಗೂ ಹೊಲಿಗೆ ಮುಗಿದು ರಟ್ಟು ಒಣಗಿತ್ತು. ಅಕ್ಷರ ಮಾತ್ರ ಬಾಕಿ. ನಾನು ಸ್ಟೂಲಿನ ಮೇಲೆ ಕುಳಿತು ಮಾದರಿ, ಪ್ರತಿಮಾನ, ಸಂಕಥನ ಎಂದು ಒಂದೊಂದೇ ಪದವನ್ನು ಅವರ ಮುಂದಿಟ್ಟೆ. ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟನ್ನು ತಳ್ಳುವ ಹಾಗೆ ಅವರು ಒಂದೊಂದನ್ನೇ ತಳ್ಳಿದರು. ಕೊನೆಗೆ ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದು, ಕಾಪಾಡಿಕೊಂಡಿದ್ದ ಶುದ್ಧ ಭಾಷೆ ಅಲ್ಲಿಯೇ ಕೈಕೊಟ್ಟಿತು.

“ನಮ್ಮಪ್ಪ ಜಾತಿ ಸರ್ಟಿಫಿಕೇಟಿಗೆ ಅಂತ ತಾಲ್ಲೂಕು ಆಫೀಸ್ಗೆ ನನ್ನ ಕರ್ಕೊಂಡೋಗಿತ್ತು. ಬಾಗ್ಲಲ್ಲಿ ಚಪ್ಪಲಿ ಬುಟ್ಬುಡ್ತು. ಬುಡಿ ಅಂತ ಯಾರೂ ಹೇಳಿರ್ಲಿಲ್ಲ. ಒಳಗಿರೋರೆಲ್ಲ ಬೂಟು ಹಾಕ್ಕೊಂಡಿದ್ರು. ಯಾಕ್ ಬುಡ್ತು? ಅದೇ ನನ್ ಪ್ರಶ್ನೆ. ಸಾಕಾ?”

ಚಿಕ್ಕಣ್ಣನವರು ಕಾಗದದ ಪಟ್ಟಿಯ ಮೇಲೆ ಬರೆದುಕೊಂಡು ತಂತಿಗೆ ಚುಚ್ಚಿದರು. ಅಕ್ಷರ ಒತ್ತಲು ಎದ್ದರು. ಐದಕ್ಕೆ ಹತ್ತು ನಿಮಿಷವಿರುವಾಗ ನಾನು ಕಚೇರಿಯ ಬಾಗಿಲಲ್ಲಿದ್ದೆ.

ಕೆಲವು ತಿಂಗಳ ನಂತರ ಮೌಖಿಕ ಪರೀಕ್ಷೆ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ನನ್ನ ಪ್ರಬಂಧದ ಪ್ರತಿಯನ್ನು ತೆರೆದು, ಒಳಗಿನಿಂದ ಒಂದು ಸಣ್ಣ ಪಟ್ಟಿಯನ್ನು ಹೊರತೆಗೆದರು. ದುಂಡು ಅಕ್ಷರ, ಮೂಲೆಯಲ್ಲಿ ಅಂಟಿನ ಕಲೆ. ಚಿಕ್ಕಣ್ಣನವರು ನನಗೆ ತಿಳಿಯದಂತೆ ಇನ್ನೊಂದು ಪಟ್ಟಿ ಬರೆದು ಒಳಗಿಟ್ಟಿದ್ದರು.

“‘ಅಪ್ಪ ಆಫೀಸ್ ಬಾಗ್ಲಲ್ಲಿ ಚಪ್ಪಲಿ ಯಾಕ್ ಬುಡ್ತು?’” ಎಂದು ಪರೀಕ್ಷಕರು ಸಭೆಗೆಲ್ಲ ಕೇಳುವಂತೆ ಓದಿದರು. “ಇಡೀ ಪ್ರಬಂಧದಲ್ಲಿ ನನಗೆ ಹಿಡಿಸಿದ ಸಾಲು ಇದೊಂದೇ ಕಣಮ್ಮ. ಇದು ಯಾವ ಅಧ್ಯಾಯದಲ್ಲಿದೆ?”

“ಯಾವುದರಲ್ಲಿಯೂ ಇಲ್ಲ, ಸರ್.”

“ಯಾಕಿಲ್ಲ?”

“ಶಾಸ್ತ್ರೀಯವಾಗಿಲ್ಲ ಎಂದುಕೊಂಡೆ, ಸರ್.”

ನನ್ನ ಮಾರ್ಗದರ್ಶಕರು ಕನ್ನಡಕವನ್ನು ಒರೆಸತೊಡಗಿದರು. ಆರು ವರ್ಷಗಳ ಶ್ರಮ ಒಂದು ಜೊತೆ ಚಪ್ಪಲಿಗೆ ಸಿಕ್ಕಿ ಮುಗ್ಗರಿಸಿತೆಂದೇ ಭಾವಿಸಿದೆ. ಬೇರೆ ದಾರಿಯಿಲ್ಲದೆ ತಾಲ್ಲೂಕು ಆಫೀಸಿನ ಅಂದಿನ ಸಂಗತಿಯನ್ನು ನಡೆದ ಹಾಗೆಯೇ ಹೇಳಿದೆ. ಪರೀಕ್ಷಕರು ಕೇಳಿಸಿಕೊಂಡು, ಪದವಿಗೆ ಶಿಫಾರಸು ಮಾಡಿದರು. ಮೊದಲ ಅಧ್ಯಾಯವು ಈ ಸಂಗತಿಯಿಂದಲೇ ಆರಂಭವಾಗಬೇಕೆಂದು ಷರತ್ತು ಹಾಕಿದರು.

ತಿದ್ದಿದ ಹಾಳೆಗಳೊಂದಿಗೆ ಮತ್ತೆ ಮಂಡಿ ಮೊಹಲ್ಲಾಕ್ಕೆ ಹೋದೆ. ಜಗಳವಾಡಬೇಕೆಂದೇ ಹೋಗಿದ್ದೆ. ಚಿಕ್ಕಣ್ಣನವರು ಹಳೆಯ ಹೊಲಿಗೆ ಬಿಚ್ಚುತ್ತಾ, “ಬಾ ಡಾಕ್ಟ್ರಮ್ಮ. ಪ್ರಶ್ನೆ ಆಯ್ತು, ಉತ್ತರ ಏನ್ ಬರ್ದೆ?” ಎಂದರು.

“ಭಯ ಮತ್ತು ಗೌರವ” ಎಂದೆ.

ಅವರು ಕಟ್ಟನ್ನು ಅಂಗೈಗೆತ್ತಿಕೊಂಡರು. “ಮೊದ್ಲಿಗಿಂತ ವಾಸಿ. ಆದ್ರೂ ವಸಿ ನೀರೈತೆ.”

ಈಗ ಆ ಅಂಗಡಿಯಲ್ಲಿ ಮೊಬೈಲಿನ ಕವರುಗಳನ್ನು ಮಾರುತ್ತಾರೆ. ಚಿಕ್ಕಣ್ಣನವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಹೋಗಿ ತಂತಿಯನ್ನು ವಿಚಾರಿಸಿದಾಗ, ಹೊಸಬರು ಬಹಳ ಮರ್ಯಾದೆಯಿಂದ, “ಗುಜರಿಯವ್ರು ತಗೊಂಡೋದ್ರು ಮೇಡಂ. ಏನಾದ್ರೂ ಮುಖ್ಯವಾದ್ದಿತ್ತಾ?” ಎಂದು ಕೇಳಿದರು. ಕಪ್ಪೆ, ಇಡ್ಲಿ, ‘ನಾನು’ ಎಂಬುದು, ನಮ್ಮಪ್ಪ, ಎಲ್ಲರೂ ಒಟ್ಟಿಗೇ ಹೋಗಿದ್ದರು.

ನಾನು ಚಿಕ್ಕಣ್ಣನವರನ್ನು ಕೊನೆಯದಾಗಿ ಕಂಡದ್ದು ಅವರು ತೀರಿಕೊಳ್ಳುವ ಒಂದು ವರ್ಷ ಮೊದಲು, ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ಸಂಬಂಧಿಸಿದ ಅರ್ಜಿಯೊಂದನ್ನು ಹಿಡಿದು ವಿಶ್ವವಿದ್ಯಾನಿಲಯದ ಕಚೇರಿಗೆ ಹೋಗಿದ್ದಾಗ. ಯಾರದೋ ಪ್ರಬಂಧದ ಪ್ರತಿಗಳನ್ನು ತಲುಪಿಸಲು ಅವರೇ ಬಂದಿದ್ದರು. ಎದೆಗೊತ್ತಿಕೊಂಡ ಐದು ಪುಸ್ತಕಗಳ ಮೇಲೆ ಗಲ್ಲ ಊರಿಕೊಂಡು, ಒಳಗೆ ಕರೆಯುವುದನ್ನೇ ಕಾಯುತ್ತಾ ಬಾಗಿಲ ಬಳಿ ನಿಂತಿದ್ದರು. ಅವರ ಹವಾಯಿ ಚಪ್ಪಲಿಗಳು ಗೋಡೆಯ ಪಕ್ಕದಲ್ಲಿ ಒಂದಕ್ಕೊಂದು ಒತ್ತಿಕೊಂಡು ಬಿದ್ದಿದ್ದವು.

ಪ್ರಶ್ನೆ ಕೇಳುವ ಸರದಿ ಈಗ ನನ್ನದಾಯಿತೆಂದು ಸಂತೋಷವಾಯಿತು. “ಚಿಕ್ಕಣ್ಣನವರೇ, ಚಪ್ಪಲಿ ಯಾಕೆ ಬಿಟ್ಟಿರಿ?”

ಅವರು ತಮ್ಮ ಪಾದಗಳನ್ನು ಬೇರೆ ಯಾರವೋ ಎಂಬಂತೆ ನೋಡಿಕೊಂಡರು. ಆಮೇಲೆ ಜೋರಾಗಿ ನಕ್ಕರು.

“ನಾನ್ ಬುಡ್ಲಿಲ್ಲ ಕಣವ್ವ. ಕಾಲೇ ಬುಟ್ಬುಡ್ತು.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂದಿತು. ಅವರು ಪುಸ್ತಕಗಳನ್ನು ಸರಿಮಾಡಿಕೊಂಡು, ಬರಿಗಾಲಿನಲ್ಲಿಯೇ ಹೊಸ್ತಿಲು ದಾಟುತ್ತಾ, ತಿರುಗಿ ನೋಡಿ ಹೇಳಿದರು:

“ಬರ್ಕೊ. ಇದ್ರಲ್ಲಿ ನೀರಿಲ್ಲ.”