ನೀರಿಗೆ ಬಿದ್ದವನ ಹೆಸರು

‘ಒಬ್ಬರು ಹೊಳೆಗೆ ಬಿದ್ದಿದ್ದಾರೆ. ಕೂಳೂರು ಸೇತುವೆ ಹತ್ತಿರ. ದೋಣಿ ಇದ್ದವರು ಬೇಗ ಬನ್ನಿ.’

ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಭಜನಾ ಮಂದಿರದ ವಾಟ್ಸಾಪ್ ಗ್ರೂಪಿಗೆ ಬಂದ ಮೆಸೇಜು. ಹಾಕಿದವರು ರಿಕ್ಷಾ ಓಡಿಸುವ ಗಣೇಶಣ್ಣ. ಸೇತುವೆ ಮೇಲಿನಿಂದ ಕಣ್ಣಾರೆ ಕಂಡು, ರಿಕ್ಷಾ ಬದಿಗೆ ಹಾಕಿ ಕಳಿಸಿದ್ದರು. ಗ್ರೂಪಿನಲ್ಲಿ ನಾವು ನೂರಕ್ಕೂ ಹೆಚ್ಚು ಜನ. ಅರ್ಧಕ್ಕರ್ಧ ಮೀನುಗಾರರ ಮನೆಯವರು. ಹೊಳೆಬದಿಯಲ್ಲಿ ಕಟ್ಟಿಟ್ಟ ದೋಣಿಗಳೇ ಹತ್ತಾರು.

ಮೊದಲ ಉತ್ತರ ಏನು ಬಂತು ಗೊತ್ತೇ?

‘ಹೆಸರು ಎಂತ?’

ಕೇಳಿದ ಮಹಾನುಭಾವ ಯಾರೆಂದು ಆಮೇಲೆ ಹೇಳುತ್ತೇನೆ. ಗಣೇಶಣ್ಣ ಪಾಪ, ಉತ್ತರ ಕೊಟ್ಟರು. ‘ಅಬ್ಬಾಸ್ ಅಂತೆ. ಮರುವಾಯಿ ತೆಗೆಯುವವರು. ದೋಣಿ ಮಗುಚಿದೆ.’ (ಮರುವಾಯಿ ಅಂದರೆ ಹೊಳೆಯ ಚಿಪ್ಪುಮೀನು. ಭಾನುವಾರ ನಮ್ಮಲ್ಲಿ ಯಾರ ಮನೆಯ ತೆಂಗಿನಕಾಯಿ ಹಾಕಿದ ಸುಕ್ಕಕ್ಕೆ ಅದು ಬೇಡ ಹೇಳಿ?)

ಆಮೇಲೆ ಗ್ರೂಪು ಗಪ್‌ಚುಪ್. ನೋಡಿದವರ ಲೆಕ್ಕ ಏರುತ್ತಿತ್ತು, ಮಾತಿಲ್ಲ. ಐದು ನಿಮಿಷದ ಮೇಲೆ ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು, ‘ಫೈರ್ ಸರ್ವಿಸಿಗೆ ಫೋನ್ ಮಾಡಿ.’ ಮತ್ತೊಬ್ಬರದು ಎಲ್ಲಕ್ಕಿಂತ ಚೆನ್ನ: ‘ಅವರ ಕಡೆಯವರಿಗೆ ತಿಳಿಸಿ.’

ಅವರ ಕಡೆಯವರು! ಮುಳುಗುವವನಿಗೆ ಯಾವ ಕಡೆ ಸ್ವಾಮಿ? ದಡ ಇರುವ ಕಡೆ ಒಂದೇ ಅಲ್ಲವೇ?

ಇದೇ ಗ್ರೂಪಿನಲ್ಲಿ ಅದೇ ದಿನ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಒಂದು ಗುಡ್ ಮಾರ್ನಿಂಗ್ ಬಂದಿತ್ತು. ‘ದೇವನೊಬ್ಬ, ನಾಮ ಹಲವು.’ ಮೂವತ್ತು ಜನ ಲೈಕ್ ಒತ್ತಿದ್ದರು. ದೇವರಿಗೆ ಹಲವು ಹೆಸರಿದ್ದರೆ ನಮಗೆ ತೊಂದರೆಯಿಲ್ಲ. ಮನುಷ್ಯನಿಗೆ ಒಂದು ಹೆಸರಿದ್ದರೆ ಮಾತ್ರ ಕೈಕಾಲು ಆಡುವುದಿಲ್ಲ.

ಆ ಹೊತ್ತಿಗೆ ನಾನು ಹೊಳೆಬದಿಯ ನನ್ನ ಮಾಮನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಮಾಮನಿಗೆ ಎಪ್ಪತ್ತೆರಡು. ನಲವತ್ತು ವರ್ಷ ಕಡಲಿಗೆ ಹೋದವರು, ದೋಣಿಯ ತಂಡೇಲರಾಗಿದ್ದವರು, ಅಂದರೆ ಇಡೀ ದೋಣಿಯನ್ನು ನಡೆಸುವ ಮುಖ್ಯಸ್ಥ. ವಾಟ್ಸಾಪ್ ಇಲ್ಲ. ನಾನು ಒಂದು ಕೈಯಲ್ಲಿ ಉಣ್ಣುತ್ತ ಇನ್ನೊಂದರಲ್ಲಿ ಮೊಬೈಲ್ ಒತ್ತುವುದನ್ನು ನೋಡಿ ಕೇಳಿದರು.

“ಎಂತ ಅದು?”

“ಯಾರೋ ಹೊಳೆಗೆ ಬಿದ್ದಿದ್ದಾರಂತೆ ಮಾಮ. ಹೆಸರು ಎಂತಾಂತ ಕೇಳಿದೆ. ಅಬ್ಬಾಸ್ ಅಂತೆ.”

ಹೌದು, ಕೇಳಿದ ಮಹಾನುಭಾವ ನಾನೇ. ಪತ್ರಿಕೆಗೆ ಬರೆಯುವವನು, ಹೆಸರು ಕೇಳುವುದು ಅಭ್ಯಾಸ ಎಂದು ಐದು ದಿನದಿಂದ ನನಗೆ ನಾನೇ ಸಬೂಬು ಹೇಳಿಕೊಂಡಿದ್ದೇನೆ. ಸುಳ್ಳು. ಎಷ್ಟು ಹೊತ್ತಾಯಿತು, ಯಾವ ಬದಿ, ಈಜು ಬರುತ್ತದೆಯೇ, ಕೇಳಲು ಎಷ್ಟೊಂದು ಇತ್ತು. ನನ್ನ ಬೆರಳಿಗೆ ಬಂದದ್ದು ಹೆಸರು.

ಮಾಮ ಅನ್ನದ ಬಟ್ಟಲು ದೂಡಿ ಎದ್ದರು. ನಮ್ಮ ಮನೆಗಳಲ್ಲಿ ಹಿಂದಿನಿಂದ ಒಂದು ಕಟ್ಟಳೆ ಉಂಟು. ನೀರಿಗೆ ಬಿದ್ದವರ ಸುದ್ದಿ ಬಂದರೆ ಉಣ್ಣುವವರು ಕೈ ತೊಳೆದು ಏಳಬೇಕು, ಅವರು ಸಿಗುವ ತನಕ ಬಟ್ಟಲಿಗೆ ಕೈ ಹಾಕಬಾರದು. ನಾನು ಮರೆತಿದ್ದೆ. ಬಂಗುಡೆಯ ಮುಳ್ಳು ಬಿಡಿಸುತ್ತಿದ್ದೆ.

“ಇಳಿತ ಶುರುವಾಗಿ ಉಂಟು. ಅರ್ಧ ಗಂಟೆಯಲ್ಲಿ ಅವನನ್ನು ಕಡಲಿಗೆ ಎಳೀತದೆ. ಹೆಸರು ಬೇಕಾದರೆ ಮೇಲೆ ಬಂದ ಮೇಲೆ ಅವನ ಹತ್ತಿರವೇ ಕೇಳುವ ಮಾರಾಯ.” (ತುಳುವಿನಲ್ಲಿ ಇದರ ಹಿಂದೆಮುಂದೆ ಇನ್ನೂ ನಾಲ್ಕು ಮಾತಿತ್ತು. ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ.)

ಮಾಮ ಕೂಗಿದ್ದು ಕೇಳಿ ಪಕ್ಕದ ಮನೆಯ ಲೋಕೇಶ ಇಂಜಿನ್ ಹೊತ್ತು ಓಡಿದ. ಇಬ್ಬರೂ ದೋಣಿ ಇಳಿಸಿದರು. ನಾನು? ಮೀನುಗಾರರ ಮನೆಯಲ್ಲಿ ಹುಟ್ಟಿ ಈಜು ಬಾರದವನು. ದಡದಲ್ಲಿ ನಿಂತೆ.

ಅಬ್ಬಾಸರ ಹೆಂಡತಿ ಜೊಹರಾ ಅಲ್ಲಿಗೆ ಓಡಿ ಬಂದಿದ್ದರು. ಅಳುತ್ತಿರಲಿಲ್ಲ. ಗಂಡ ದಡದಲ್ಲಿ ಬಿಚ್ಚಿಟ್ಟ ಅಂಗಿಯನ್ನು ಹಿಡಿದು ಹೊಳೆಯನ್ನೇ ನೋಡುತ್ತಿದ್ದರು. ನಮ್ಮವರ ದೋಣಿಗಳು ಆಚೀಚೆ ಸಾಲಾಗಿ ಕಟ್ಟಿಕೊಂಡು ಸುಮ್ಮನಿದ್ದವು. ನನಗೆ ನಾಚಿಕೆಯಾಯಿತು.

ಅಬ್ಬಾಸ್ ಸಿಕ್ಕಿದರು. ಬಲೆ ಕಟ್ಟಲು ಹೊಳೆಯಲ್ಲಿ ನೆಟ್ಟ ಮರದ ಗೂಟವೊಂದನ್ನು ಅಪ್ಪಿ ಹಿಡಿದು ಜೀವ ಉಳಿಸಿಕೊಂಡಿದ್ದರು. ಕೈ ಬಿಡಿಸಲು ಇಬ್ಬರು ಬೇಕಾಯಿತಂತೆ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ತಾನು ಬಿಟ್ಟೇಬಿಡುತ್ತಿದ್ದೆ ಎಂದು ಅವರೇ ಹೇಳಿದರು. ನಮ್ಮ ಗ್ರೂಪು ಹೆಸರು ಕೇಳಿ ಕೈಕಟ್ಟಿ ಕೂತದ್ದು ಅದಕ್ಕಿಂತ ಜಾಸ್ತಿ ಹೊತ್ತು.

ಸಂಜೆ ಅದೇ ಗ್ರೂಪಿಗೆ ಜೀವ ಬಂತು. ದಡದಲ್ಲಿ ಯಾರೋ ತೆಗೆದ ಫೋಟೋ. ಕೆಳಗೆ, ‘ನಮ್ಮ ಮಂದಿರದ ಯುವಕರ ಸಾಹಸ! ಇದು ನಮ್ಮ ಕುಡ್ಲದ ಸೌಹಾರ್ದ!’ ಎಪ್ಪತ್ತೆರಡರ ಮಾಮ ಯುವಕರಾದದ್ದು ಸಂತೋಷವೇ. ಆದರೆ ‘ಅವರ ಕಡೆಯವರಿಗೆ ತಿಳಿಸಿ’ ಅಂದವರೇ ಮೊದಲು ಚಪ್ಪಾಳೆ ಹಾಕಿದ್ದು ನೋಡಿ ಮೈ ಉರಿಯಿತು. ಫೋಟೋ ಊರೆಲ್ಲ ಸುತ್ತಿತು.

(ಆ ಕಡೆ ಗ್ರೂಪಿನಲ್ಲೂ ಹೀಗೇ ಎಂದು ಬರೆಯಲು ಪೆನ್ನು ಎತ್ತಿದವರಿಗೆ: ಇರಬಹುದು. ನಾನು ಆ ಗ್ರೂಪಿನ ಮೆಂಬರಲ್ಲ, ಇದರ ಮೆಂಬರು.)

ಧರ್ಮ ಎಂದರೆ ಏನೆಂದು ಭಾಷಣ ಮಾಡುವವರಿಗೆ ನಮ್ಮಲ್ಲಿ ಬರವಿಲ್ಲ. ನನ್ನ ಮಾಮ ಮೈಕ್ ಹಿಡಿದವರಲ್ಲ. ಉಣ್ಣುವಾಗ ಎದ್ದು ಹೋದರು, ಅಷ್ಟೇ. ಬಂದು, ತಣ್ಣಗಾದ ಅದೇ ಅನ್ನ ಉಂಡರು.

ನಿನ್ನೆ, ಗುರುವಾರ, ಜೊಹರಾ ಒಂದು ಗೊನೆ ಬಾಳೆಹಣ್ಣು ಹಿಡಿದು ಮಾಮನ ಮನೆಗೆ ಬಂದರು. ಮಾಮ ಇರಲಿಲ್ಲ, ಜಗಲಿಯಲ್ಲಿ ನಾನಿದ್ದೆ.

“ಸಾರ್, ಎಲ್ಲರ ಹೆಸರು ಒಂದು ಚೀಟಿಯಲ್ಲಿ ಬರೆದು ಕೊಡ್ತೀರಾ? ನಾಳೆ ಶುಕ್ರವಾರ. ದುವಾ ಮಾಡುವಾಗ ಒಬ್ಬೊಬ್ಬರ ಹೆಸರೂ ಹೇಳ್ಬೇಕು.”

“ಯಾರ ಯಾರದ್ದು?”

“ನಿಮ್ಮ ಮಂದಿರದವರು ಎಲ್ಲ ಬಂದದ್ದಲ್ವಾ? ಫೋಟೋ ನೋಡಿದೆ.”

ಚೀಟಿಯಲ್ಲಿ ಮಾಮನ ಹೆಸರು ಬರೆದೆ. ಲೋಕೇಶನದು ಬರೆದೆ. ಗಣೇಶಣ್ಣನದು ಬರೆದೆ. ಪೆನ್ನು ನಿಂತಿತು. ಅವರು ಚೀಟಿಯನ್ನೂ ನನ್ನನ್ನೂ ನೋಡಿದರು. ಪಾಪ, ನಾನು ಸಂಕೋಚಪಡುತ್ತಿದ್ದೇನೆ ಎಂದುಕೊಂಡಿರಬೇಕು.

“ನೀವು ದಡದಲ್ಲಿ ನನ್ನ ಹತ್ತಿರವೇ ನಿಂತಿದ್ರಿ ಅಲ್ವಾ ಸಾರ್,” ಅಂದರು. “ನಿಮ್ಮ ಹೆಸರು ಎಂತ?”